ವಿಳಂಬ ಪರಿಹಾರ ಕೇಂದ್ರ, ಒಂದನೇ ಮಹಡಿ

ತಪ್ಪೆಲ್ಲ ಬೋರ್ಡಿನದು ಎಂದು ನಮ್ಮ ಮನೆಯವಳು ಹೇಳುತ್ತಾಳೆ. ನಾನು ಒಪ್ಪುವುದಿಲ್ಲ. ಕನ್ನಡದಲ್ಲೇ ಇರಲಿ ಎಂಬ ಅಭಿಮಾನದಿಂದ ಲೇಟೆನ್ಸಿಗೆ ವಿಳಂಬ, ಕಾಂಪೆನ್ಸೇಶನ್ನಿಗೆ ಪರಿಹಾರ ಎಂದು ನಿಘಂಟು ನೋಡಿಯೇ ಬರೆಸಿದ್ದು. ಹನುಮಂತನಗರದ ನಮ್ಮ ಮನೆಯ ಮೆಟ್ಟಿಲ ಬುಡದಲ್ಲಿ, ಹಳದಿ ಮೇಲೆ ಕೆಂಪಕ್ಷರ: ‘ವಿಳಂಬ ಪರಿಹಾರ ಕೇಂದ್ರ, ಒಂದನೇ ಮಹಡಿ’. ಅದರ ಕೆಳಗೆ ‘ಧ್ವನಿಮುದ್ರಣ ಮತ್ತು ಮಿಕ್ಸಿಂಗ್’ ಎಂದೂ ಬರೆಯಲು ಹೇಳಿದ್ದೆ. ಪೇಂಟರಿಗೆ ಜಾಗ ಸಾಲಲಿಲ್ಲ. ಬಾಣದ ಗುರುತು ಹಾಕಿ ಮುಗಿಸಿದ.

ಮೊದಲ ವಾರ ಹನ್ನೊಂದು ಜನ ಬಂದರು. ಆರು ಮಂದಿ ಮದುವೆ ತಡವಾದ ಮಕ್ಕಳ ತಾಯಂದಿರು, ನಾಲ್ವರು ರಸ್ತೆಗೆ ಜಮೀನು ಹೋಗಿ ಪರಿಹಾರದ ದುಡ್ಡು ಬಾರದವರು, ಒಬ್ಬ ಸಂಗೀತಗಾರ. ಸಂಗೀತಗಾರ ಕೂಡ ಮೊದಲು ಜೇಬಿನಿಂದ ತೆಗೆದದ್ದು ಜಾತಕವನ್ನೇ.

ಯಾರನ್ನೂ ವಾಪಸು ಕಳಿಸಲಿಲ್ಲ. ತಜ್ಞನಾದವನು ವಿಳಂಬಗಳಲ್ಲಿ ಭೇದ ಮಾಡಬಾರದು. ಎಲ್ಲರನ್ನೂ ಮೊಟ್ಟೆ ಟ್ರೇ ಅಂಟಿಸಿದ ಕೋಣೆಯಲ್ಲಿ ಕೂರಿಸಿ (ಮೊಟ್ಟೆ ಟ್ರೇಯಿಂದ ಸದ್ದು ಹೊರಹೋಗುವುದು ನಿಲ್ಲುವುದಿಲ್ಲ, ಅತ್ತೆ ಒಳಬರುವುದು ಮಾತ್ರ ನಿಲ್ಲುತ್ತದೆ) ಮೊದಲಿನಿಂದ ವಿವರಿಸಿದೆ.

ಹಾಡುವವರ ದನಿ ಮೈಕಿಗೆ ಬೀಳುತ್ತದೆ. ಆಡಿಯೊ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆ ಅದನ್ನು ಅಂಕಿಗಳನ್ನಾಗಿ ಮಾಡುತ್ತದೆ. ಅಂಕಿಗಳು ಯುಎಸ್‌ಬಿ ತಂತಿ ಹಿಡಿದು ಕಂಪ್ಯೂಟರ್ ಹೊಗುತ್ತವೆ, ಅಲ್ಲಿ ಸಂಸ್ಕಾರ ಮಾಡಿಸಿಕೊಳ್ಳುತ್ತವೆ, ಬಂದ ದಾರಿಯಲ್ಲೇ ಹಿಂದಿರುಗಿ ಹಾಡುವವರ ಹೆಡ್‌ಫೋನಿನಲ್ಲಿ ಮತ್ತೆ ದನಿಯಾಗುತ್ತವೆ. ಅಷ್ಟರಲ್ಲಿ ಹಾಡುವವರು ಮುಂದೆ ಹೋಗಿರುತ್ತಾರೆ. ಈ ಹೋಗಿಬರುವ ಹೊತ್ತೇ ಲೇಟೆನ್ಸಿ. ತಾಯಂದಿರು ತಲೆಯಾಡಿಸಿದರು. ಸಂಗೀತಗಾರ ಮೊಬೈಲು ನೋಡುತ್ತಿದ್ದ. ಬಗಲಲ್ಲಿ ಫೈಲು ಅವುಚಿಕೊಂಡಿದ್ದ ಮಾಗಡಿ ಕಡೆಯ ಯಜಮಾನರೊಬ್ಬರು ಮಾತ್ರ ಕೇಳಿದರು:

“ಹೋಗೋಕೆ ಬರೋಕೆ ಅಷ್ಟೊತ್ತು ಯಾಕೆ ಸಾಮಿ? ತಂತಿ ಗೇಣುದ್ದ ಐತೆ.”

ಹನ್ನೆರಡು ವರ್ಷದ ನನ್ನ ವೃತ್ತಿಜೀವನದಲ್ಲಿ ಯಾವ ಸಂಗೀತಗಾರನೂ ಕೇಳದ ಪ್ರಶ್ನೆ. ತಡ ತಂತಿಯದಲ್ಲ, ಬಫರಿನದು ಎಂದೆ. ಆ ಪೆಟ್ಟಿಗೆ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆಯುತ್ತದೆ. ಸಿನಿಮಾದವರಾದರೆ 48,000 ಸಲ. ಆದರೆ ಅಳತೆಗಳನ್ನು ಒಂದೊಂದಾಗಿ ಪ್ರೊಸೆಸರಿಗೆ ಮುಟ್ಟಿಸುವುದಿಲ್ಲ. 128 ಆಗಲಿ, 512 ಆಗಲಿ, ಒಂದು ಕಂತೆ ತುಂಬುವವರೆಗೆ ಕಾಯುತ್ತದೆ. ತುಂಬಿದ ಮೇಲೆ ಇಡೀ ಕಂತೆಯನ್ನು ಒಟ್ಟಿಗೆ ಸಾಗಿಸುತ್ತದೆ.

“ನಮ್ ಕಚೇರೀಲೂ ಹಂಗೇಯ. ಒಂದು ಅರ್ಜಿಗೋಸ್ಕರ ಅಟೆಂಡರು ಮಹಡಿ ಹತ್ತಾಕಿಲ್ಲ. ಇಪ್ಪತ್ತೈದು ಆಗ್ಲಿ ಅಂತಾನೆ.”

“ಅದೇ ಯಜಮಾನ್ರೇ ಬಫರು.”

“ಒಂದೊಂದೇ ತಕ್ಕೊಂಡೋಗು ಅಂತ ಗದರಿದ್ರೆ?”

“ಹತ್ತಿ ಇಳಿದು ಹತ್ತಿ ಇಳಿದು ಮೆಟ್ಟಿಲ ಮೇಲೇ ಬೀಳ್ತಾನೆ. ಬಿದ್ದಾಗಲೆಲ್ಲ ಹಾಡಿನಲ್ಲಿ ಚಟ್ ಅಂತ ಸದ್ದು ಬರುತ್ತೆ.”

ಇಷ್ಟೇ ವಿಷಯ. 128ರ ಕಂತೆ ತುಂಬಲು 2.9 ಮಿಲಿಸೆಕೆಂಡ್, 1024ರದ್ದಕ್ಕೆ 23.2. ಒಳಗೆ ಬರಲು ಒಂದು ಕಂತೆ, ಹೊರಗೆ ಹೋಗಲು ಇನ್ನೊಂದು; ದನಿಯನ್ನು ಅಂಕಿ ಮಾಡುವವನಿಗೂ ಅಂಕಿಯನ್ನು ದನಿ ಮಾಡುವವನಿಗೂ ಮೇಲಿಷ್ಟು ಮಾಮೂಲು. ಕಂತೆ ಚಿಕ್ಕದು ಮಾಡಿದರೆ ಚಟಪಟ, ದೊಡ್ಡದು ಮಾಡಿದರೆ ತಡ. ಹಾಡಿಸುವಾಗ ಚಿಕ್ಕದಿರಲಿ, ಮಿಕ್ಸ್ ಮಾಡುವಾಗ ದೊಡ್ಡದಿರಲಿ ಎಂಬ ಒಂದು ಸಾಲಿನ ಸಲಹೆಗೆ ನಾನು ಎರಡು ದಿನದ ಕಾರ್ಯಾಗಾರ ನಡೆಸುತ್ತೇನೆ. ಊಟ ಸೇರಿದೆ.

ವಿಂಡೋಸ್ ತನ್ನ ಪಾಡಿಗೆ ಬಿಟ್ಟರೆ ದನಿಯನ್ನು ಮೇಜಿನಿಂದ ಮೇಜಿಗೆ ದಾಟಿಸುತ್ತಾ, ಪ್ರತಿ ಮೇಜಿನಲ್ಲೂ ಒಂದು ಸಹಿ ಹಾಕಿಸುತ್ತಾ ಕೂರುವ ವ್ಯವಸ್ಥೆ. ಇದನ್ನು ತಾಳಲಾರದೆ ಹ್ಯಾಂಬರ್ಗಿನ ಸ್ಟೈನ್‌ಬರ್ಗ್ ಕಂಪನಿಯವರು 1997ರಲ್ಲಿ ಏಸಿಯೊ ಎಂಬ ಒಳದಾರಿ ಮಾಡಿಕೊಟ್ಟರು. ಈ ದಾರಿಯಲ್ಲಿ ಬಂದ ದನಿಯನ್ನು ನಡುವಿನ ಮೇಜುಗಳವರು ಮುಟ್ಟುವ ಹಾಗಿಲ್ಲ. ಇಂಟರ್‌ಫೇಸಿನಿಂದ ನೇರ ಸಾಫ್ಟ್‌ವೇರಿನ ಕೋಣೆಗೆ. ಇದಕ್ಕೆ ಡ್ರೈವರ್ ಬೇಕಾಗುತ್ತದೆ ಎಂದೆ.

“ನಮ್ಮದೂ ಡ್ರೈವರ್ ಮೂಲಕವೇ ಸಾಮಿ,” ಎಂದರು ಯಜಮಾನರು. “ಸಾಹೇಬ್ರ ಡ್ರೈವರು.”

ಅಂದಿನಿಂದ ಅವರು ವಾರಕ್ಕೆರಡು ಸಲ ಬರುತ್ತಾರೆ. ಕಚೇರಿಯಲ್ಲಿ ಕಾಯುವುದಕ್ಕಿಂತ ಇಲ್ಲಿ ಕಾಯುವುದು ಹಾಯಂತೆ, ಫ್ಯಾನಿದೆ.

ನನ್ನ ಉಪಕರಣಗಳಲ್ಲಿ ಮುಖ್ಯವಾದದ್ದು ಟೈಲರ್ ಟೇಪು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದರೆ ಮಿಲಿಸೆಕೆಂಡಿಗೆ 34 ಸೆಂಟಿಮೀಟರ್, ಒಂದಡಿಗಿಂತ ಚೂರು ಜಾಸ್ತಿ. ಹಾಗಾಗಿ ನಾನು ದೂರವನ್ನು ಅಡಿಯಲ್ಲಿ ಹೇಳುವುದನ್ನು ಬಿಟ್ಟಿದ್ದೇನೆ. ಅಡುಗೆಮನೆ ನನ್ನ ಕುರ್ಚಿಯಿಂದ 26 ಮಿಲಿಸೆಕೆಂಡ್. ಮನೆಯವಳು ಊಟಕ್ಕೆ ಕರೆದಾಗ ತಡವಾಗಿ ಎದ್ದದ್ದಕ್ಕೆ ಇದನ್ನೇ ಕಾರಣ ಕೊಟ್ಟೆ. ಉಳಿದ ನಲವತ್ತು ನಿಮಿಷ ಎಲ್ಲಿ ಹೋಯಿತು ಎಂದು ಕೇಳಿದಳು. ಸಾಮಾನ್ಯರಿಗೆ ಬಫರ್ ಅರ್ಥ ಮಾಡಿಸುವುದು ಕಷ್ಟ.

ಈ ಟೇಪಿನ ಮಹಿಮೆ ಗಾಯಕಿಯೊಬ್ಬರ ವಿಷಯದಲ್ಲಿ ಕಂಡಿತು. ಭಾವಗೀತೆಯ ಆಲ್ಬಂ. 128ರ ಕಂತೆ, ಒಳಗೊಂದು ಹೊರಗೊಂದು ಸೇರಿ 5.8 ಮಿಲಿಸೆಕೆಂಡ್. “ನನಗೆ ಏನೋ ಹಿಂದೆ ಬಿದ್ದ ಹಾಗೆ ಆಗುತ್ತೆ,” ಎಂದು ಹೆಡ್‌ಫೋನ್ ಕಿತ್ತಿಟ್ಟರು. ನಾನು ವಾದಕ್ಕಿಳಿಯಲಿಲ್ಲ. ಅವರ ಕಿವಿಯಿಂದ ಮೃದಂಗದ ಮಾಮನ ಬಲಗೈವರೆಗೆ ಟೇಪು ಹಿಡಿದೆ. ಎರಡು ಮೀಟರ್. ಕಛೇರಿ ವೇದಿಕೆಯಲ್ಲಿ ನೀವು ಮಾಮನಿಂದ ಎರಡು ಮೀಟರ್ ದೂರ ಕೂತು ಮೂವತ್ತು ವರ್ಷ ಹಾಡಿದ್ದೀರಿ, ಆ ಮೃದಂಗ ನಿಮ್ಮ ಕಿವಿಗೆ ಪ್ರತಿ ಪೆಟ್ಟಿಗೂ 5.8 ಮಿಲಿಸೆಕೆಂಡ್ ತಡವಾಗಿಯೇ ಬಂದಿದೆ, ಒಂದು ದಿನವೂ ದೂರಲಿಲ್ಲವಲ್ಲ ಎಂದೆ. ಅವರು ಮಾಮನ ಕಡೆ ತಿರುಗಿ, “ಮೂವತ್ತು ವರ್ಷದಿಂದ ಇದೇ ಅನುಮಾನ ಇತ್ತು,” ಎಂದರು. ಆ ಆಲ್ಬಂ ಅಲ್ಲಿಗೇ ನಿಂತಿತು. ವೈಜ್ಞಾನಿಕವಾಗಿ ನಾನು ಸರಿಯಿದ್ದೆ.

ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗೂ ನಾನು ಟೇಪು ಸಮೇತ ಹೋಗುತ್ತೇನೆ. ವೇದಿಕೆಯಿಂದ ಮೂವತ್ತನಾಲ್ಕು ಮೀಟರ್ ಹಿಂದೆ ಕೂತವರಿಗೆ ವೇದಿಕೆಯ ದನಿ ನೂರು ಮಿಲಿಸೆಕೆಂಡ್ ಹಳೆಯದು. ಪಕ್ಕದ ಕಂಬದ ಸ್ಪೀಕರಿಗೆ ದನಿ ತಂತಿಯಲ್ಲಿ ಬರುವುದರಿಂದ ಅದು ಮೊದಲೇ ಮುಟ್ಟುತ್ತದೆ. ಹಾಗೆ ಬಿಟ್ಟರೆ ವಿದ್ವಾಂಸರು ವೇದಿಕೆಯಲ್ಲಿ ಬಾಯಿ ತೆರೆದದ್ದು ಕಾಣುತ್ತದೆ, ಹಾಡು ಬಲಗಡೆಯ ಕಂಬದಿಂದ ಬರುತ್ತದೆ. ದೊಡ್ಡ ಪೆಂಡಾಲುಗಳಲ್ಲಿ ಹಿಂದಿನ ಸ್ಪೀಕರುಗಳಿಗೆ ಬೇಕೆಂದೇ ತಡ ಹಾಕುವುದು ಇದಕ್ಕೆ. ಮೊದಲು ಬಂದ ದನಿ ಯಾವ ದಿಕ್ಕಿನದೋ ಅದೇ ದಿಕ್ಕನ್ನು ಕಿವಿ ನಂಬುತ್ತದೆ, ಹಿಂದೆಯೇ ಬಂದದ್ದನ್ನು ಅದರಲ್ಲೇ ಬೆರೆಸಿಕೊಳ್ಳುತ್ತದೆ ಎಂದು ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ಗ್ಯೋಟಿಂಗೆನ್ನಿನಲ್ಲಿ ತೋರಿಸಿಕೊಟ್ಟ. ಪಕ್ಕದವರಿಗೆ ಇದನ್ನೆಲ್ಲ ಪಿಸುಮಾತಿನಲ್ಲಿ ವಿವರಿಸುತ್ತಿದ್ದೆ. ಅವರು ಕೋಸಂಬರಿಯ ದೊನ್ನೆ ಎತ್ತಿಕೊಂಡು ಮೂರು ಸಾಲು ಮುಂದೆ, ಸುಮಾರು 9 ಮಿಲಿಸೆಕೆಂಡ್ ಆಚೆ ಹೋಗಿ ಕೂತರು.

ಇನ್ನು ಪರಿಹಾರದ ವಿಷಯ. ಇದನ್ನು ನನಗೆ ಸ್ಪಷ್ಟಪಡಿಸಿದವರು ಮದುವೆ ವಿಳಂಬದ ಅಮ್ಮನೊಬ್ಬರು. ಮೂರು ಮಕ್ಕಳು. ದೊಡ್ಡವಳು ಪಿಎಚ್‌ಡಿ ಬರೆಯುತ್ತಲೇ ಇದ್ದಾಳೆ. ಎರಡನೆಯವನಿಗೆ ಹುಡುಗಿ ಗೊತ್ತಾಗಿದೆ. ಮೂರನೆಯವನಿಗೂ ಗೊತ್ತಾಗಿದೆ, ಮನೆಯಲ್ಲಿ ಹೇಳಿಲ್ಲ.

“ದೊಡ್ಡವಳದ್ದು ಆಗದೆ ಚಿಕ್ಕವರದ್ದು ಹೇಗೆ ಮಾಡೋದು ಗುರುಗಳೇ? ಎಲ್ಲ ನಿಂತಿದೆ.”

ಮಾನಿಟರು ಅವರ ಕಡೆ ತಿರುಗಿಸಿದೆ. ಮೂರು ಟ್ರ್ಯಾಕು: ಗಾಯನ, ವೀಣೆ, ಕೊಳಲು. ಗಾಯನದ ಮೇಲೆ ಲಿನಿಯರ್ ಫೇಸ್ ಈಕ್ವಲೈಸರ್ ಎಂಬ ಪ್ಲಗಿನ್ ಕೂರಿಸಿದ್ದೆ. ಅದು ವಿದ್ಯಾವಂತ ಪ್ಲಗಿನ್. ಯಾವ ಸ್ಥಾಯಿಯನ್ನೂ ಹಿಂದುಮುಂದು ಮಾಡದೆ ತಿದ್ದುತ್ತದೆ, ಆದರೆ ಹೊತ್ತು ತಿನ್ನುತ್ತದೆ: 4,096 ಸ್ಯಾಂಪಲ್, ಅಂದರೆ 93 ಮಿಲಿಸೆಕೆಂಡ್. ವೀಣೆಯ ಕಂಪ್ರೆಸರಿಗೆ 64 ಸ್ಯಾಂಪಲ್ ಸಾಕು. ಕೊಳಲಿಗೆ ಏನೂ ಹಾಕಿಲ್ಲ. ಸಾಫ್ಟ್‌ವೇರು ಹಾಡು ನುಡಿಸುವ ಮೊದಲು ಪ್ರತಿ ಪ್ಲಗಿನ್ನನ್ನೂ ನಿನಗೆಷ್ಟು ಹೊತ್ತು ಬೇಕು ಎಂದು ಕೇಳುತ್ತದೆ. ಎಲ್ಲರಿಗಿಂತ ನಿಧಾನ ಯಾರು ಎಂದು ನೋಡಿಕೊಂಡು, ಉಳಿದವರನ್ನೆಲ್ಲ ಅವರ ಸಮಕ್ಕೆ ಬರುವವರೆಗೆ ಹಿಡಿದು ನಿಲ್ಲಿಸುತ್ತದೆ. ಯಾರನ್ನೂ ಬೇಗ ಮಾಡಿಸುವುದಿಲ್ಲ. ವಿಳಂಬ ಪರಿಹಾರ ಎಂದರೆ ಇಷ್ಟೇ.

“ಅಂದ್ರೆ ಕೊಳಲಿನವನಿಗೆ ಏನೂ ದೋಷ ಇಲ್ಲದಿದ್ರೂ 93 ಕಾಯಬೇಕು.”

“ಹೌದಮ್ಮ.”

“ಪಾಪ. ಆಮೇಲೆ?”

“ಆಮೇಲೆ ಎಲ್ಲರೂ ಒಂದೇ ಮುಹೂರ್ತಕ್ಕೆ ಹೊರಗೆ ಬರ್ತಾರೆ.”

ಆ ಅಮ್ಮ ಬಹಳ ಹೊತ್ತು ಮಾನಿಟರು ನೋಡುತ್ತಾ ಕೂತರು. ಹೋಗುವಾಗ ಎಲೆಯಡಿಕೆಯ ಜೊತೆ ನೂರೊಂದು ರೂಪಾಯಿ ಮೌಸಿನ ಪಕ್ಕ ಇಟ್ಟರು. ಸಂಗೀತಗಾರರಿಂದ ನನಗೆ ಅಷ್ಟು ನಗದು ಬಂದದ್ದು ನೆನಪಿಲ್ಲ.

ಅವರಿಗೆ ಲಿಮಿಟರ್ ಬಗ್ಗೆಯೂ ಹೇಳಬೇಕೆಂದಿದ್ದೆ, ಏಕೆಂದರೆ ಅದೇ ನಿಜವಾದ ಜ್ಯೋತಿಷಿ. ದನಿ ಮಿತಿ ಮೀರುವ ಮೊದಲೇ ತಗ್ಗಿಸುವುದು ಅದರ ಕೆಲಸ. ಮೀರುತ್ತದೆ ಎಂದು ಮೊದಲೇ ಗೊತ್ತಾಗುವುದು ಹೇಗೆ? ಬಂದ ದನಿಯನ್ನು 5 ಮಿಲಿಸೆಕೆಂಡ್ ತಡೆದಿಟ್ಟುಕೊಂಡು ಹಿಂದೆ ಬರುವುದನ್ನು ನೋಡುತ್ತದೆ, ನೋಡಿದ ಮೇಲೆ ಮುಂದಿನದನ್ನು ಬಿಡುತ್ತದೆ. ಭವಿಷ್ಯ ಕಾಣಲು ವಿಜ್ಞಾನ ಕಂಡುಕೊಂಡಿರುವ ಒಂದೇ ಮಾರ್ಗ ವರ್ತಮಾನಕ್ಕೆ ತಡವಾಗಿ ಬರುವುದು. ನಮ್ಮ ರಸ್ತೆಯ ಜೋಯಿಸರಿಗೆ ಇದನ್ನು ಹೇಳಿದೆ. ತಾವೂ ಹಾಗೇ ಮಾಡುವುದು ಎಂದರು.

ಈ ಪರಿಹಾರಕ್ಕೆ ಒಂದು ಮಿತಿ ಇದೆ. ಆಗಲೇ ಮುದ್ರಿಸಿಟ್ಟ ದನಿಯನ್ನು ಹಿಡಿದು ನಿಲ್ಲಿಸಬಹುದು. ಈಗ ಎದುರಿಗೆ ಕೂತು ಹಾಡುತ್ತಿರುವವರನ್ನು ನಿಲ್ಲಿಸಲಾಗುವುದಿಲ್ಲ. ಮಾಸ್ಟರ್ ಟ್ರ್ಯಾಕಿನ ಮೇಲೆ ಆ ವಿದ್ಯಾವಂತ ಪ್ಲಗಿನ್ನನ್ನೂ ಲಿಮಿಟರನ್ನೂ ಕೂರಿಸಿಟ್ಟು ಮರೆತು ರೆಕಾರ್ಡಿಂಗಿಗೆ ಕೂತರೆ, ಹಾಡುವವರಿಗೆ ತಮ್ಮ ದನಿ ನೂರು ಮಿಲಿಸೆಕೆಂಡ್ ಹಿಂದಿನಿಂದ ಕೂಗುತ್ತದೆ. ಹಾಗೆ ಆಗದಿರಲಿ ಎಂದೇ ನಿಧಾನದ ಪ್ಲಗಿನ್ನುಗಳನ್ನೆಲ್ಲ ತಾತ್ಕಾಲಿಕವಾಗಿ ಪಕ್ಕಕ್ಕೆ ಸರಿಸುವ ಬಟನ್ನನ್ನು ಬಹಳಷ್ಟು ಸಾಫ್ಟ್‌ವೇರುಗಳಲ್ಲಿ ಕೊಟ್ಟಿದ್ದಾರೆ. ಮಾಮನ ರೆಕಾರ್ಡಿಂಗಿನ ದಿನ ನಾನು ಅದನ್ನು ಒತ್ತಲಿಲ್ಲ. ಮೃದಂಗದ ಮಾಮ ಮೂರು ತಾಸು ನುಡಿಸಿದರು. ಮೋರಾ ಎತ್ತಿದಾಗಲೆಲ್ಲ ಮುಖ ಸಿಂಡರಿಸುತ್ತಿದ್ದರು. ತಾಳಜ್ಞಾನದಲ್ಲಿ ಸುಧಾರಣೆಗೆ ಅವಕಾಶವಿದೆ ಎಂದು ನಾನು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ.

ಮಾಮ ಹೆಡ್‌ಫೋನಿನ ಒಂದು ಕಡೆ ಕಿವಿಯಿಂದ ಸರಿಸಿ ಹೇಳಿದರು: “ತಾಳಕ್ಕೆ ಸರಿಯಾಗಿ ಹಾಡು ಎತ್ತಿದರೆ ಸಮ. ತಾಳಕ್ಕಿಂತ ಮೊದಲೇ ಎತ್ತಿದರೆ ಅತೀತ. ತಾಳ ಶುರುವಾದ ಮೇಲೆ ಎತ್ತಿದರೆ ಅನಾಗತ. ಶಾಸ್ತ್ರದಲ್ಲಿ ಗ್ರಹ ಅಂದರೆ ಈ ಮೂರೇ ಕಣಯ್ಯ. ಇದು ನಾಲ್ಕನೇದು.”

“ಯಾವುದು ಮಾಮ?”

“ಗ್ರಹಚಾರ.”

ಆಮೇಲೆ ಹೆಡ್‌ಫೋನಿನ ಇನ್ನೊಂದು ಕಡೆಯನ್ನೂ ಸರಿಸಿಬಿಟ್ಟರು. ಮೊದಲ ಸಲಕ್ಕೇ ಸರಿಹೋಯಿತು. ಇದು ಕಾಕತಾಳೀಯ.

ಪ್ಲಗಿನ್ನುಗಳು ಸತ್ಯವಂತರಾಗಿದ್ದರೆ ಈ ವ್ಯವಸ್ಥೆಯಲ್ಲಿ ಹುಳುಕಿಲ್ಲ. ಆದರೆ ಕೆಲವಕ್ಕೆ ‘ನನಗೆ ಹೊತ್ತೇ ಬೇಡ’ ಎಂದು ಹೇಳಿ ನಾಲ್ಕು ಗಳಿಗೆ ಕೂರುವ ಚಾಳಿ ಇರುತ್ತದೆ. ಒಂದೇ ಮೃದಂಗಕ್ಕೆ ಎರಡು ಮೈಕು ಇಟ್ಟು, ಒಂದರ ಮೇಲೆ ಇಂಥ ಸುಳ್ಳುಗಾರನನ್ನು ಕೂರಿಸಿ ನೋಡಿ. ಎರಡಕ್ಕೂ ಒಂದೇ ಮಿಲಿಸೆಕೆಂಡ್ ವ್ಯತ್ಯಾಸ ಬಂದರೂ ಸಾಕು, ಎರಡರಲ್ಲೂ ಇರುವ ಒಂದೇ ದನಿ 500 ಹರ್ಟ್ಸಿನಲ್ಲಿ ಒಂದನ್ನೊಂದು ನುಂಗುತ್ತದೆ, 1500ರಲ್ಲಿ ಮತ್ತೆ ನುಂಗುತ್ತದೆ, 2500ರಲ್ಲಿ ಮತ್ತೆ. ಹಲಸಿನ ಮರದ ಮೃದಂಗ ಹೋಗಿ ಎಣ್ಣೆ ಡಬ್ಬ ಉಳಿಯುತ್ತದೆ.

ಇಂಟರ್‌ಫೇಸಿನ ಡ್ರೈವರೂ ಸುಳ್ಳು ಹೇಳಬಲ್ಲ. ಅವನನ್ನು ಹಿಡಿಯುವ ಪರೀಕ್ಷೆಯನ್ನು ನಾನು ಅಮಾವಾಸ್ಯೆ ಬಿಟ್ಟು ಬೇರೆ ದಿನ ಮಾಡುತ್ತೇನೆ. ಒಂದು ಗಿಟಾರ್ ಕೇಬಲ್ ತೆಗೆದುಕೊಂಡು ಪೆಟ್ಟಿಗೆಯ ಔಟ್‌ಪುಟ್ಟಿನಿಂದ ಅದರದೇ ಇನ್‌ಪುಟ್ಟಿಗೆ ಚುಚ್ಚಬೇಕು, ಹಾವು ತನ್ನ ಬಾಲ ಕಚ್ಚಿದ ಹಾಗೆ. ಸ್ಪೀಕರು ಬಂದ್ ಮಾಡಬೇಕು, ಇಲ್ಲದಿದ್ದರೆ ಅದು ಊಳಿಡುತ್ತದೆ, ಅತ್ತೆ ಟ್ರೇ ಲೆಕ್ಕಿಸದೆ ಒಳಬರುತ್ತಾರೆ. ಒಂದು ಟ್ರ್ಯಾಕಿನಲ್ಲಿ ‘ಟಕ್’ ಎಂಬ ಒಂದೇ ಸದ್ದು ಇಟ್ಟು ನುಡಿಸಿ, ಅದನ್ನೇ ಇನ್ನೊಂದರಲ್ಲಿ ಮುದ್ರಿಸಿಕೊಳ್ಳಬೇಕು. ಡ್ರೈವರ್ ತನ್ನ ತಡ ಎಷ್ಟೆಂದು ಒಪ್ಪಿಕೊಂಡಿದ್ದಾನೋ ಅಷ್ಟನ್ನು ಸಾಫ್ಟ್‌ವೇರು ತಾನೇ ಹಿಂದಕ್ಕೆ ಎಳೆದಿರುತ್ತದೆ. ಎರಡು ಟಕ್ಕುಗಳು ಒಂದರ ಕೆಳಗೊಂದು ನಿಲ್ಲಬೇಕು. ಹಿಗ್ಗಿಸಿ, ಹಿಗ್ಗಿಸಿ, ಅಲೆಯ ಗೆರೆ ಮುರಿದು ಚುಕ್ಕೆ ಚುಕ್ಕೆಯಾಗುವ ತನಕ ಹಿಗ್ಗಿಸಿ ಬೆರಳಿಟ್ಟು ಎಣಿಸಿದೆ. 53 ಚುಕ್ಕೆ ತಡ. 1.2 ಮಿಲಿಸೆಕೆಂಡ್. ಟೇಪಿನಲ್ಲಿ 41 ಸೆಂಟಿಮೀಟರ್.

ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದವನೇ ಸೆಟ್ಟಿಂಗಿನಲ್ಲಿ ತಿದ್ದುಪಡಿಯ ಖಾನೆ ಹುಡುಕಿ 53 ಎಂದು ತುಂಬಿಸಿದೆ. ಒಂದು ವರ್ಷ ನಿಶ್ಚಿಂತೆಯಿಂದ ಇದ್ದೆ. ಆಮೇಲೆ ತಿಳಿಯಿತು, ಅಲ್ಲಿ ಮೈನಸ್ ಹಾಕಬೇಕಿತ್ತು. 53 ಹೋಗಿ 106 ಆಗಿತ್ತು. ಆ ವರ್ಷ ಮುದ್ರಿಸಿದ ಎಲ್ಲವೂ 2.4 ಮಿಲಿಸೆಕೆಂಡ್ ಹಿಂದೆ. ಯಾರೂ ಗುರುತಿಸಿರಲಿಲ್ಲ, ಮನುಷ್ಯರ ಕೈ ಅದಕ್ಕಿಂತ ಹೆಚ್ಚೇ ಆಚೀಚೆ ಆಡುತ್ತದೆ. ಗಿರಾಕಿಗಳಿಗೆಲ್ಲ ಫೋನು ಮಾಡಿ ತಪ್ಪೊಪ್ಪಿಕೊಂಡು, ತಿದ್ದಲು ಇಷ್ಟು ಖರ್ಚಾಗುತ್ತದೆ ಎಂದು ತಿಳಿಸಿದೆ.

ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಹಾಡಲು ಬಂದವನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ತಡ ಸುಲಭವಾಗಿ 200 ಮಿಲಿಸೆಕೆಂಡ್ ಮುಟ್ಟುತ್ತದೆ. ನಿಮಿಷಕ್ಕೆ ಅರವತ್ತು ಅಕ್ಷರದ ಆದಿತಾಳದಲ್ಲಿ, ಅಕ್ಷರಕ್ಕೆ ನಾಲ್ಕು ಸ್ವರ ಹಾಡಿದರೆ ಒಂದೊಂದಕ್ಕೆ 250 ಸಿಗುತ್ತದೆ. ಬಾಯಿ ರಿಷಭಕ್ಕೆ ಬರುವ ಹೊತ್ತಿಗೆ ಕಿವಿಗೆ ಷಡ್ಜ ಬರುತ್ತಿರುತ್ತದೆ. ತನ್ನ ಮಾತು ತನಗೇ ಸುಮಾರು ಅಷ್ಟು ತಡವಾಗಿ ಕೇಳಿಸಿದರೆ ಮನುಷ್ಯ ತೊದಲಿ ನಿಂತುಬಿಡುತ್ತಾನೆ ಎಂಬ ತತ್ವದ ಮೇಲೆ ಜಪಾನಿನ ಕುರಿಹಾರ ಮತ್ತು ತ್ಸುಕಾದಾ ಎಂಬಿಬ್ಬರು ಮಾತುಗಾರರ ಬಾಯಿ ಮುಚ್ಚಿಸುವ ಯಂತ್ರವನ್ನೇ ಮಾಡಿ 2012ರಲ್ಲಿ ಇಗ್ ನೊಬೆಲ್ ಬಹುಮಾನ ಪಡೆದರು. ನಮ್ಮ ಬಡಾವಣೆಯ ರಾಜ್ಯೋತ್ಸವಕ್ಕೆ ಒಂದು ತರಿಸೋಣ ಎಂದು ಸಮಿತಿಯಲ್ಲಿ ಸೂಚಿಸಿದೆ. ಅಧ್ಯಕ್ಷರ ಭಾಷಣ ಮುಗಿಯಲಿ, ಆಮೇಲೆ ಚರ್ಚಿಸೋಣ ಎಂದರು. ಭಾಷಣ ಮುಗಿದಿಲ್ಲ.

ವಿದೇಶದ ಶಾಖೆಯೂ ನನಗಿದೆ. ಮಾಮ ಕ್ಯಾಲಿಫೋರ್ನಿಯಾದ ಹುಡುಗನಿಗೆ ಬೆಳಿಗ್ಗೆ ಆರಕ್ಕೆ ಆನ್‌ಲೈನ್ ಪಾಠ ಹೇಳುತ್ತಾರೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ನೇರ ದಾರಿಯಲ್ಲೂ ಸುಮಾರು 14,000 ಕಿಲೋಮೀಟರ್. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಹೋಗುತ್ತದೆ. ಅಲ್ಲಿಗೆ ಹೋಗಲು 70, ಬರಲು 70, ಮೇಲೆ ವಿಡಿಯೊ ಕಾಲಿನ ಬಫರುಗಳು. ಇಬ್ಬರೂ ಒಟ್ಟಿಗೆ ತಾಳ ಹಾಕಿದರೆ ಇಬ್ಬರಿಗೂ ಎದುರಿನವನೇ ಹಿಂದೆ. ಒಬ್ಬರನ್ನೊಬ್ಬರು ಕಾಯುತ್ತಾ ಮಧ್ಯಮ ಕಾಲ ವಿಳಂಬ ಕಾಲವಾಗಿ, ಕೊನೆಗೆ ಧ್ಯಾನವಾಗುತ್ತದೆ. ಸ್ಟ್ಯಾನ್‌ಫರ್ಡಿನ ಕ್ರಿಸ್ ಚೇಫ್ ಮತ್ತು ಸಂಗಡಿಗರು ಜನರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಚಪ್ಪಾಳೆ ತಟ್ಟಿಸಿ ಇದನ್ನು ಪರೀಕ್ಷಿಸಿದ್ದಾರೆ. ತಡ ಹೆಚ್ಚಾದರೆ ಲಯ ಇಳಿಯುತ್ತದೆ, ತೀರಾ ಕಡಿಮೆಯಾದರೆ ಓಡುತ್ತದೆ. ಸುಮಾರು ಹತ್ತರಿಂದ ಇಪ್ಪತ್ತು ಮಿಲಿಸೆಕೆಂಡಿನಲ್ಲಿ ಕಾಲಪ್ರಮಾಣ ನಿಲ್ಲುತ್ತದೆ. ಚೂರು ತಡ ಇದ್ದರೇ ಒಳ್ಳೆಯದು ಎಂಬ ಈ ಸಂಶೋಧನೆಗೆ ಚೌಕಟ್ಟು ಹಾಕಿಸಿ ಬಿಲ್ ಪುಸ್ತಕದ ಮೇಲೆ ತೂಗುಹಾಕಿದ್ದೇನೆ.

ಇನ್ನೊಂದು ಸಂಗತಿ ಉಳಿದಿದೆ, ಹೇಳಬಾರದಿತ್ತು. ಆ ಇಂಟರ್‌ಫೇಸ್ ಪೆಟ್ಟಿಗೆಯ ಮುಂಭಾಗದಲ್ಲಿ ಒಂದು ಸಣ್ಣ ತಿರುಗುಗುಂಡಿ ಇರುತ್ತದೆ. ಡೈರೆಕ್ಟ್ ಮಾನಿಟರಿಂಗ್. ಅದನ್ನು ಒಂದು ಕಡೆ ತಿರುಗಿಸಿದರೆ ಮೈಕಿನ ದನಿ ಕಂಪ್ಯೂಟರಿಗೆ ಹೋಗಿಬರುವುದನ್ನು ಕಾಯದೆ ಪೆಟ್ಟಿಗೆಯೊಳಗೇ ಅಡ್ಡ ಹಾಯ್ದು ಹೆಡ್‌ಫೋನಿಗೆ ಬರುತ್ತದೆ. ತಡ ಇಲ್ಲವೇ ಇಲ್ಲ ಎನ್ನಬಹುದು. ಕಾರ್ಯಾಗಾರ ಬೇಡ, ಬಫರ್ ಬೇಡ, ನಾನು ಬೇಡ. ನನ್ನ ಪೆಟ್ಟಿಗೆಯಲ್ಲಿ ಆ ಗುಂಡಿಯ ಮೇಲೆ ಕಪ್ಪು ಇನ್ಸುಲೇಶನ್ ಟೇಪು ಅಂಟಿಸಿದೆ. ಧೂಳು ಕೂರದಿರಲಿ ಎಂದು.

ಹೋದ ಬೇಸಿಗೆಯಲ್ಲಿ ಸೆಕೆಗೆ ಆ ಟೇಪಿನ ಅಂಟು ಬಿಟ್ಟಿತು. ಭಾವಗೀತೆಯ ಗಾಯಕಿ ಅಂದು ಮನಸ್ಸು ಬದಲಾಯಿಸಿ ಬಂದಿದ್ದರು. ಫೈಲಿನ ಯಜಮಾನರು ಮೂಲೆಯಲ್ಲಿ ಫ್ಯಾನಿನ ಕೆಳಗಿದ್ದರು. ಗಾಯಕಿ, “ಇದೇನು ಗುಂಡಿ?” ಎನ್ನುತ್ತಾ ತಿರುಗಿಸಿಯೇಬಿಟ್ಟರು. ಒಂದು ಸಾಲು ಹಾಡಿದರು. ಮುಖ ಅರಳಿತು. ತಡ ಮಾಯವಾಗಿತ್ತು. ನಾನು ಬಾಡಿಗೆ, ಕರೆಂಟು, ಮಗನ ಫೀಸು ಲೆಕ್ಕ ಹಾಕುತ್ತಾ ನಿಂತೆ.

ಎರಡನೇ ಸಾಲಿಗೆ ಅವರು ನಿಲ್ಲಿಸಿದರು.

“ನನ್ನ ದನಿ ಯಾಕೆ ಹೀಗೆ ಒಣಕಲಾಗಿದೆ?”

ಕಂಪ್ಯೂಟರಿನೊಳಗೆ ಹೋಗದ ದನಿಗೆ ಅಲ್ಲಿಯ ರಿವರ್ಬ್ ಎಲ್ಲಿಂದ ಬರಬೇಕು? ಗುಡಿಯ ಗರ್ಭಗುಡಿಯಲ್ಲಿ ಹಾಡಿದಂತೆ ಕೇಳುತ್ತಿದ್ದದ್ದು ಈಗ ನಮ್ಮ ಮೊಟ್ಟೆ ಟ್ರೇ ಕೋಣೆಯಲ್ಲಿ ಹಾಡಿದಂತೆ ಕೇಳುತ್ತಿತ್ತು. ಅದು ಇದ್ದದ್ದೇ ಹಾಗೆ ಎಂದು ನಾನು ಹೇಳಲಿಲ್ಲ.

“ಮೊದಲಿನ ಹಾಗೇ ಮಾಡಿ. ಸ್ವಲ್ಪ ತಡ ಆದರೂ ಪರವಾಗಿಲ್ಲ.”

ಗುಂಡಿ ಹಿಂದಕ್ಕೆ ತಿರುಗಿಸಿದೆ. ಯಜಮಾನರು ಎದ್ದು ಬಂದರು. ಬಗ್ಗಿ ಆ ಗುಂಡಿಯನ್ನು ನೋಡಿದರು, ಜಾರಿ ಬಿದ್ದಿದ್ದ ಟೇಪಿನ ಚೂರನ್ನು ನೋಡಿದರು, ನನ್ನನ್ನು ನೋಡಿದರು.

“ನಮ್ ಕಚೇರೀಲೂ ಇಂಥದ್ದೊಂದು ಐತೆ. ಎರಡನೇ ಕಿಟಕಿ.”

ನಾನು ಮಾತಾಡಲಿಲ್ಲ. ಅವರು ಡ್ರಾಯರಿನಿಂದ ಟೇಪಿನ ಸುರುಳಿ ಹುಡುಕಿ ತೆಗೆದರು, ಹಲ್ಲಿನಲ್ಲಿ ಹೊಸ ತುಂಡು ಕಚ್ಚಿ ಕಿತ್ತರು, ಗುಂಡಿಯ ಮೇಲೆ ನೀಟಾಗಿ ಅಂಟಿಸಿದರು. ಆಮೇಲೆ ಫೈಲನ್ನು ಇನ್ನೊಂದು ಬಗಲಿಗೆ ಬದಲಾಯಿಸಿಕೊಂಡು, ಹೆಬ್ಬೆರಳಿನಿಂದ ನಾಲ್ಕೂ ಮೂಲೆ ಒತ್ತಿದರು.

“ಮೂಲೆ ಸರಿಯಾಗಿ ಒತ್ತಬೇಕು ಸಾಮಿ. ಇಲ್ದಿದ್ರೆ ಬೇಸಿಗೇಲಿ ಎದ್ದು ಬಿಡ್ತದೆ.”